ಮೌನ ಬೀಳದ ಕೂಟ

ಈ ಕಥೆಯನ್ನು ಮೊದಲು ಹೇಳಿದವರು ಕಾಣಿಯೂರಿನ ಕಮಲಾವತಿ. ಕಳೆದ ವರ್ಷ ಸುಗ್ಗಿ ತಿಂಗಳ ಒಂದು ಶನಿವಾರ ಬೆಳಗ್ಗೆ, ಬೀಡಿ ಬ್ರಾಂಚಿನ ಜಗಲಿಯಲ್ಲಿ, ಕಟ್ಟಿದ ಬೀಡಿ ಒಪ್ಪಿಸಲು ಸರದಿ ಕಾಯುತ್ತಿದ್ದ ಹೆಂಗಸರಿಗೆ ಅವರು ಇದನ್ನು ಹೇಳಿದರು. ಆ ಮೇಲೆ ಇದೇ ಕಥೆ ನರಿಮೊಗರಿನಲ್ಲಿ ಒಂದು ಬಗೆಯಾಗಿ, ಮರ್ಕಂಜದಲ್ಲಿ ಇನ್ನೊಂದು ಬಗೆಯಾಗಿ ಕೇಳಸಿಕ್ಕಿದೆ. ಮರ್ಕಂಜದವರು ಕಥೆಯೊಳಗೆ ಒಂದು ನಾಯಿಯನ್ನೂ ಸೇರಿಸಿದ್ದಾರೆ. ಕಮಲಾವತಿಯವರ ಕಥೆಯಲ್ಲಿ ನಾಯಿ ಇಲ್ಲ. ಅವರು ಕಣ್ಣಾರೆ ಕಂಡವರಾದ್ದರಿಂದ ಇಲ್ಲಿಯೂ ನಾಯಿಯನ್ನು ಬಿಡಲಾಗಿದೆ.

ಕಾಣಿಯೂರು ಪೇಟೆಯಿಂದ ಒಳಕ್ಕೆ ಹೋಗುವ ಮಣ್ಣಿನ ದಾರಿ ಒಂದು ಕಡೆ ಮೊಣಕೈಯಂತೆ ಬಾಗುತ್ತದೆ. ಆ ಬಾಗಿನ ಎಡಕ್ಕೆ ಮೈಮೂನಮ್ಮನ ಗೂಡಂಗಡಿ; ಬಲಕ್ಕೆ ಅವರ ಗಂಡನ ತಂಗಿಯ ಮಗ ನೌಷಾದ್ ಕಟ್ಟಿಸಿದ ಹೊಸ ಮನೆಯ ಆವರಣದ ಗೋಡೆ. ನೌಷಾದ್ ಗಲ್ಫಿನ ದಮ್ಮಾಮಿನಲ್ಲಿ ವ್ಯಾಪಾರ ಮಾಡಿ ಮರಳಿದವನು. ಗೋಡೆಯ ಮೂಲೆಗೆ ಕಲ್ಲಿನ ಕಮಲ ಕೂರಿಸಿದ್ದ. ಮೈಮೂನಮ್ಮ ಮಾತ್ರ ಎಲ್ಲಿಗೂ ಹೋದವರಲ್ಲ. ಗಂಡ ತೀರಿದಂದಿನಿಂದ ಬಾಳೆಗೊನೆ, ಸೋಡಾ ಬಾಟಲಿ, ಸಾಬೂನು, ಬೆಂಕಿಪೆಟ್ಟಿಗೆಗಳ ನಡುವೆ ಆ ಬಾಗಿನಲ್ಲೇ ಕುಳಿತು, ದಾರಿಯಲ್ಲಿ ಹೋಗುವವರನ್ನೆಲ್ಲ ಗದರಿಸುತ್ತ ಬಾಳಿದವರು. ಊರಿನವರು ಬೈಸಿಕೊಳ್ಳಲೆಂದೇ ಅಲ್ಲಿ ನಿಲ್ಲುತ್ತಿದ್ದರು ಎಂದರೆ ಹೆಚ್ಚಲ್ಲ.

ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಜಗಿಯುವ ಚಟ ಅವರ ಗಂಟಲಿಗೆ ಮುಳುವಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದರು. ಜೀವ ಉಳಿಯಿತು, ಸ್ವರ ಹೋಯಿತು. ತುಟಿ ಅಲ್ಲಾಡುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಮಾತು ಕಳೆದುಕೊಂಡವರಿಗೆ ಹೊಸ ದಾರಿ ತೋರಿಸುವ ಕೆಲಸದಲ್ಲಿದ್ದ ಚಿನ್ಮಯೀ ಎಂಬ ಹುಡುಗಿ, ಬಿಡುಗಡೆಯ ದಿನ ಅವರ ಮೊಬೈಲಿಗೆ ‘ಮರುದನಿ’ ಎಂಬ ಆ್ಯಪ್ ಹಾಕಿಕೊಟ್ಟಳು. ಪರದೆಯ ಮೇಲ್ಭಾಗದಲ್ಲಿ ರೋಗಿಗಳಿಗೆಂದು ಸಿದ್ಧಮಾಡಿದ ವಾಕ್ಯಗಳ ಗುಂಡಿಗಳು. ಕೆಳಭಾಗದಲ್ಲಿ ಅಕ್ಷರಗಳು, ಬೇಕಾದದ್ದನ್ನು ಒತ್ತಿ ಬರೆದರೆ ಫೋನು ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಬರೆದದ್ದನ್ನು ಉಳಿಸಿಟ್ಟುಕೊಳ್ಳಲೂ ಬರುತ್ತಿತ್ತು.

ರೋಗಿಯ ಗುಂಡಿಗಳನ್ನು ಮೈಮೂನಮ್ಮ ಮುಟ್ಟಲೇ ಇಲ್ಲ. ತಮ್ಮ ಬೈಗುಳಗಳನ್ನೆಲ್ಲ ಒಂದೊಂದಾಗಿ ಬರೆದು ಉಳಿಸಿದರು. ಆ್ಯಪಿನ ಸ್ವರವೋ, ವಾರ್ತೆ ಓದುವ ಹೆಂಗಸಿನಂತೆ ನಯವಾದದ್ದು. ಬೈಗುಳಕ್ಕೆ ಅದರಿಂದ ಇನ್ನೂ ರುಚಿ ಬಂತು. ಹಾಲು ಸೊಸೈಟಿಯ ಶೀನಪ್ಪನಂತೂ ದಿನವೂ ಅಂಗಡಿಗೆ ಬಂದು ಬೇಕೆಂದೇ ಬಾಳೆಹಣ್ಣು ಹಿಸುಕುತ್ತಿದ್ದ. ಕೂಡಲೇ ಫೋನು, ಸರಕಾರಿ ಪ್ರಕಟಣೆ ಓದುವ ಗಾಂಭೀರ್ಯದಿಂದ, “ಶೀನಪ್ಪ, ಹಿಸ್ಕಿ ನೋಡ್ಲಿಕ್ಕೆ ಅದು ಎಂತ ನಿನ್ನ ಹೆಂಡ್ತಿಯ ಕೆನ್ನೆಯಾ?” ಎನ್ನುತ್ತಿತ್ತು.

ಹೀಗಿರುವಾಗ ಆ ದಾರಿಗೆ ಕಾಂಕ್ರೀಟು ಮಂಜೂರಾಯಿತು. ಆಂಬುಲೆನ್ಸು ತಿರುಗಬೇಕಾದರೆ ಬಾಗನ್ನು ನೇರ ಮಾಡಬೇಕು. ನೇರ ಮಾಡಬೇಕಾದರೆ ಒಂದೋ ನೌಷಾದನ ಗೋಡೆಯ ಮೂಲೆ ಹೋಗಬೇಕು, ಇಲ್ಲವೇ ಮೈಮೂನಮ್ಮನ ಅಂಗಡಿ ಏಳಬೇಕು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಒಂದು ದಿನ ನೋಡಿದರೆ ಸುಣ್ಣದ ಗೆರೆ ಅಂಗಡಿಯ ನಡುವಿನಿಂದಲೇ ಹಾದುಹೋಗಿತ್ತು.

“ಗೋಡೆ ಕಟ್ಟಿ ವರ್ಷ ಆಗ್ಲಿಲ್ಲ ಮಾಮಿ,” ಎಂದ ನೌಷಾದ್, ಸೋಡಾ ಕುಡಿಯುತ್ತ. “ಅಂಗಡಿ ಎಂತ, ನಾಲ್ಕು ಹಲಗೆ. ಎತ್ತಿ ನನ್ನ ಮನೆಯ ಹಿಂದೆ ಇಡುವ. ನೆರಳೂ ಉಂಟು.”

ಅವನ ಮನೆಯ ಹಿಂದೆ ಯಾರೂ ನಡೆದುಹೋಗುವುದಿಲ್ಲ. ಮೈಮೂನಮ್ಮ ಬರೆದು ಒತ್ತಿದರು. ಫೋನು ನಯವಾಗಿ ಹೇಳಿತು: “ರಸ್ತೆ ಬರ್ಲಿ. ನನ್ನ ಬೆನ್ನಿನ ಮೇಲೆ ಬೇಡ. ಆದಿತ್ಯವಾರ ಕೂಟದಲ್ಲಿ ಮಾತಾಡ್ತೇನೆ.”

ಕೂಟದ ಸಂಗತಿಯನ್ನು ಇಲ್ಲಿ ವಿವರಿಸಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ದಾರಿ, ನೀರು, ಬೇಲಿಗಳ ವಿಷಯ ಬಂದಾಗ ಆ ಭಾಗದ ಮನೆಗಳವರು, ಅಂಗಡಿಯ ಬದಿಯಲ್ಲೇ ಸ್ವಲ್ಪ ಮುಂದಿರುವ ಹಾಲು ಸೊಸೈಟಿಯ ಜಗಲಿಯಲ್ಲಿ ಸೇರುತ್ತಾರೆ. ಕೂಟದಲ್ಲಿ ಕಾಗದಕ್ಕೆ ಜಾಗವಿಲ್ಲ. ಕಾಗದ ಬಂದರೆ ಹಿಂದಿನಿಂದ ಕೋರ್ಟು ಬರುತ್ತದೆಂಬುದು ಹಿರಿಯರ ಭಯ. ತಲೆಯಾಡಿಸಿದ್ದು, ಕೈ ಬೀಸಿದ್ದು ಲೆಕ್ಕಕ್ಕಿಲ್ಲ. ಎದುರಿಗೆ ಕುಳಿತವರ ಪರವಾಗಿ ಇನ್ನೊಬ್ಬರು ಮಾತಾಡುವಂತಿಲ್ಲ. ನಡೆಸುವ ಹಿರಿಯರು ಮೂರು ಸಲ ತಕರಾರು ಕೇಳುತ್ತಾರೆ. ಮೊದಲೆರಡು ಸಲ ಯಾರಾದರೂ ಬಾಯಿಬಿಟ್ಟರೆ ವಾದ ನಡೆಯುತ್ತದೆ. ಮೂರನೆಯ ಸಲ ಕೇಳಿದ ಮೇಲೆ ಹಿರಿಯರು ಮಡಿಲಲ್ಲಿ ಹರಡಿದ ಬೈರಾಸನ್ನು, ಎಂದರೆ ಹೆಗಲ ವಸ್ತ್ರವನ್ನು, ನಾಲ್ಕು ಮಡಿಕೆ ಮಾಡಿ ಹೆಗಲಿಗೇರಿಸುತ್ತಾರೆ. ಅಷ್ಟರವರೆಗೆ ಮೌನ ಇದ್ದರೆ ಒಪ್ಪಿಗೆ; ನಡುವೆ ಸ್ವರ ಎದ್ದರೆ ಮಡಿಕೆ ಮೊದಲಿನಿಂದ. ಬೈರಾಸು ಹೆಗಲಿಗೇರಿದ ಮೇಲೆ ಆ ವಿಷಯವನ್ನು ಯಾರೂ ಎತ್ತುವಂತಿಲ್ಲ. ಹಿಂದೊಮ್ಮೆ ನಳ್ಳಿನೀರಿನ ಕೂಟದಲ್ಲಿ ಮೈಮೂನಮ್ಮನ ಫೋನನ್ನು ಅವರ ಬಾಯಿಯೆಂದು ಎಲ್ಲರೂ ಒಪ್ಪಿದ್ದರು. ಆದ್ದರಿಂದ ಅವರಿಗೆ ಅಂಜಿಕೆ ಇರಲಿಲ್ಲ.

ಕೂಟಕ್ಕೆ ಮುಂಚಿನ ಶುಕ್ರವಾರ ನೌಷಾದನ ಮಗುವಿಗೆ ಹೆಸರಿಡುವ ಊಟ. ಜಗಳ ದಾರಿಯದ್ದು, ಮಗುವಿನದ್ದಲ್ಲವಲ್ಲ, ಮೈಮೂನಮ್ಮ ಹೋದರು. ಚಾರ್ಜು ಮುಗಿಯುತ್ತಿದ್ದ ಫೋನನ್ನು ನಡುಮನೆಯಲ್ಲಿ ಸಿಕ್ಕಿಸಿ ತುಪ್ಪದ ನೆಯ್ಚೋರು ಉಣ್ಣಲು ಕುಳಿತರು. ಆ ಫೋನಿಗೆ ಆ ಮನೆಯ ವೈಫೈ ಮೊದಲೇ ಪರಿಚಯ; ಹಿಂದೊಮ್ಮೆ ಮದುವೆಯ ಫೋಟೊ ತೋರಿಸಲೆಂದು ಯಾರೋ ಜೋಡಿಸಿದ್ದರು. ಎಷ್ಟೋ ತಿಂಗಳಿಂದ ಫೋನು ‘ಹೊಸತಾಗಲೇ?’ ಎಂದು ಕೇಳುತ್ತಲೇ ಇತ್ತು. ಮೈಮೂನಮ್ಮ ಅದನ್ನು ನೊಣದ ಹಾಗೆ ಬೆರಳಿನಿಂದ ಸರಿಸುತ್ತಲೇ ಇದ್ದರು. ಅಂಗಡಿಯ ಬಡ ಸಿಗ್ನಲಿನಲ್ಲಿ ಅದಕ್ಕೆ ಹೊಸತಾಗುವ ದಾರಿಯೂ ಇರಲಿಲ್ಲ. ನೌಷಾದನ ಮನೆಯಲ್ಲಿ ದಾರಿ ಸಿಕ್ಕಿತು. ಊಟ ಮುಗಿದು ಕೈತೊಳೆಯುವಷ್ಟರಲ್ಲಿ ಫೋನು ಹೊಸ ಅವತಾರ ತಾಳಿ ಕುಳಿತಿತ್ತು.

ನೌಷಾದನೇ ಬೇಕೆಂದು ಹೀಗೆ ಮಾಡಿದನೆಂದು ನರಿಮೊಗರಿನವರು ಹೇಳುತ್ತಾರೆ. ಕಮಲಾವತಿ ಒಪ್ಪುವುದಿಲ್ಲ. “ಅವನಿಗೆ ಅವನ ಫೋನೇ ಗೊತ್ತಿಲ್ಲ, ಪಾಪ. ಅಷ್ಟು ಬುದ್ಧಿ ಇದ್ದಿದ್ರೆ ದಾರಿಗೆ ಮೂಲೆ ಚಾಚಿ ಗೋಡೆ ಕಟ್ತಿದ್ನಾ?”

ಶನಿವಾರ ಬೆಳಗ್ಗೆ ಶೀನಪ್ಪ ಬಾಳೆಹಣ್ಣು ಹಿಸುಕಿದ. ಮೈಮೂನಮ್ಮ ಗುಂಡಿ ಒತ್ತಿದರು. ‘ಮರುದನಿ’ ಕಣ್ಣು ತೆರೆಯಿತು, ಬೆಳ್ಳಗೆ ಮಿನುಗಿತು, ಮುಚ್ಚಿತು. ಮತ್ತೆ ಒತ್ತಿದರು, ಮತ್ತೆ ಹಾಗೆಯೇ. ಆ ಆ್ಯಪ್ ಈಗಿನ ವ್ಯವಸ್ಥೆಗೆ ಹೊಂದುವುದಿಲ್ಲವೆಂಬ ಸಾಲೊಂದು ಮೂಡಿತು. ಶೀನಪ್ಪ ಬೈಗುಳಕ್ಕಾಗಿ ಕಾದ. ಬರಲಿಲ್ಲ. ಅವನು ಪೆಚ್ಚುಮುಖ ಮಾಡಿ, ಹಿಸುಕಿದ ಹಣ್ಣನ್ನು ತಾನೇ ಕೊಂಡು ಹೋದ. ಬೈಯದಿದ್ದರೆ ತಮ್ಮನ್ನು ಕಂಡು ಜನ ಮರುಗುತ್ತಾರೆ ಎಂಬುದು ಮೈಮೂನಮ್ಮನಿಗೆ ಅಂದು ತಿಳಿಯಿತು.

ನೆರೆಮನೆಯ ಕಮಲಾವತಿ ಬೀಡಿಯ ಮೊರ ಬದಿಗಿಟ್ಟು ಬಂದರು. ವರ್ಷಗಟ್ಟಲೆ ಎದುರುಬದುರು ಕುಳಿತು ಹರಟಿದವರಾದ್ದರಿಂದ ಮೈಮೂನಮ್ಮನ ತುಟಿಯ ಅಲುಗಾಟವನ್ನು ಓದಲು ಅವರಿಗೆ ಬರುತ್ತಿತ್ತು. ಇಬ್ಬರೂ ಬಸ್ಸು ಹತ್ತಿ ಕಡಬಕ್ಕೆ ಹೋದರು. ಅಲ್ಲಿ ಸುಜಯ್ ಎಂಬವನ ಮೊಬೈಲು ರಿಪೇರಿಯ ಅಂಗಡಿ.

“ಎಂತ ಮೈಮೂನಮ್ಮ, ಇವತ್ತು ಬಂದ ಕೂಡ್ಲೇ ಬೈಲಿಲ್ಲ?” ಎಂದ ಸುಜಯ್.

“ಬೈಲಿಕ್ಕೆ ಬಾಯಿ ಬೇಕಲ್ಲ?” ಎಂದರು ಕಮಲಾವತಿ. “ನಿನ್ನ ಕಂಪೆನಿಯವ್ರು ಹೊಲ್ದು ಬಿಟ್ಟಿದ್ದಾರೆ.”

“ಕಂಪೆನಿ ನನ್ನದಾಗಿದ್ರೆ ನಾನು ಇಲ್ಲಿ ಸ್ಕ್ರೂ ಹುಡುಕ್ತಾ ಕೂರ್ತಿದ್ನಾ ಅಕ್ಕ?” ಸುಜಯ್ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. “ನೋಡಿ, ಫೋನಿನ ಸಿಸ್ಟಮ್ ಹೊಸತಾಗಿದೆ. ಈ ಆ್ಯಪ್ ಹಳೇ ಸಿಸ್ಟಮಿಗೆ ಹೊಲಿದ ಅಂಗಿ. ಮಾಡಿದವ್ರು ಹೊಸ ಅಳತೆಗೆ ಬಿಚ್ಚಿ ಹೊಲೀಬೇಕಿತ್ತು. ಅವ್ರು ಅಂಗಡಿ ಮುಚ್ಚಿ ಹೋಗಿದ್ದಾರೆ. ಮೇಲ್ ಹಾಕಿದ್ರೂ ವಾಪಸ್ ಬರ್ತದೆ.”

“ಹಳತು ಮಾಡ್ಲಿಕ್ಕೆ ಆಗುದಿಲ್ವಾ?”

“ಈ ಫೋನಲ್ಲಿ ಆಗುದಿಲ್ಲ.”

ಮೈಮೂನಮ್ಮ ಅಂಗೈಯಿಂದ ಮೇಜಿಗೆ ಬಡಿದು ತುಟಿಯಾಡಿಸಿದರು. ಕಮಲಾವತಿ ಓದಿ ಹೇಳಿದರು: “ನನ್ನನ್ನು ಕೇಳದೆ ಯಾಕೆ ಹೊಸತು ಮಾಡಿದ್ದು ಅಂತ.”

“ಕೇಳಿರ್ತದೆ. ಸುಮಾರು ಸಲ ಕೇಳಿರ್ತದೆ. ನೀವು ಎಂತದೂ ಹೇಳದಿದ್ರೆ ಒಪ್ಪಿಗೆ ಅಂತ ಲೆಕ್ಕ.”

“ಓಹೋ,” ಎಂದರು ಕಮಲಾವತಿ, “ಅದಕ್ಕೂ ನಮ್ಮ ಕೂಟದ ಬುದ್ಧಿಯೇ.”

ಸುಜಯ್ ಬೇರೆ ಒಂದು ಆ್ಯಪ್ ಹಾಕಿ ನೋಡಿದ. ಅದು ಪ್ರತಿ ಪದಕ್ಕೂ ಇಂಟರ್ನೆಟ್ ಬೇಡುತ್ತಿತ್ತು. ಸೊಸೈಟಿಯ ಜಗಲಿಯಲ್ಲಿ ಇಂಟರ್ನೆಟ್ ಇಲ್ಲ. ಬರೆದು ತೋರಿಸೋಣವೆಂದರೆ, ಪರದೆಯ ಮೇಲಿನ ಅಕ್ಷರವೂ ಕಾಗದವೇ ಎಂದು ಕೂಟದ ಹಿರಿಯರು ಹಿಂದೆಯೇ ತೀರ್ಮಾನಿಸಿದ್ದರು. ಕೊನೆಗೆ ಸುಜಯ್ ತನ್ನ ಡ್ರಾಯರಿನ ತಳ ಕೆದಕಿ ಒಂದು ಹಳೆಯ ಫೋನು ತೆಗೆದ. ಯಾವ ಕಾಲಕ್ಕೋ ಹೊಸತಾಗುವುದನ್ನು ನಿಲ್ಲಿಸಿದ ಜಾತಿಯದ್ದು. ಮೈಮೂನಮ್ಮನ ಫೋನಿನಿಂದ ಆ್ಯಪನ್ನು ಎತ್ತಿ ಅದಕ್ಕೆ ಹಾಕಿದ. ‘ಮರುದನಿ’ ತೆರೆಯಿತು!

ಆದರೆ ಆ ಫೋನಿನ ಪರದೆ ಅಡ್ಡಕ್ಕೆ ಒಡೆದಿತ್ತು. ಕೆಳಗಿನ ಅರ್ಧ ಬೆರಳಿಗೆ ಸ್ಪಂದಿಸುತ್ತಿರಲಿಲ್ಲ. ಅಂದರೆ ಅಕ್ಷರಗಳಿಲ್ಲ. ‘ಹೌದು’ ಇಲ್ಲ, ‘ಅಲ್ಲ’ ಇಲ್ಲ. ಆ ಎರಡು ಗುಂಡಿಗಳೂ ಸತ್ತ ಭಾಗದಲ್ಲೇ ಇದ್ದವು. ಉಳಿಸಿಟ್ಟ ಬೈಗುಳಗಳು ಹೊಸತಾದ ಅವರ ಫೋನಿನೊಳಗೆ ಬೀಗ ಹಾಕಿಕೊಂಡು ಕುಳಿತಿದ್ದವು. ಮೇಲ್ಭಾಗದಲ್ಲಿ ಉಳಿದದ್ದು ರೋಗಿಯ ಮಾತುಗಳು ಮಾತ್ರ. ಸಾಲದ್ದಕ್ಕೆ ಆ ಫೋನಿನಲ್ಲಿದ್ದದ್ದು ಶೀತ ಹಿಡಿದ ಗಂಡಸಿನ ಸ್ವರ.

“ನನಗೆ ನೋವಾಗುತ್ತಿದೆ,” ಎಂದು ಅದು ಗೊಗ್ಗರಿಸಿತು.

ಕಮಲಾವತಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಇಳಿದ ಮೇಲೆ ಮೆಲ್ಲಗೆ ಹೇಳಿದರು: “ಒಂದು ಕೆಲಸ ಮಾಡುವ. ನಿಮಗೆ ಹುಷಾರಿಲ್ಲ ಅಂತ ಹೇಳಿ ಕೂಟ ಮುಂದೆ ಹಾಕಿಸುವ. ಪಾಪ ಅಂತ ಒಪ್ತಾರೆ.”

ಮೈಮೂನಮ್ಮ ಬಸ್ಸಿನ ಇಡೀ ದಾರಿ ಅವರ ಮುಖ ನೋಡಲಿಲ್ಲ. ಕಾಣಿಯೂರಿನಲ್ಲಿ ಇಳಿದ ಮೇಲೆ ತಿರುಗಿ ನಿಂತು ತುಟಿಯಾಡಿಸಿದರು: ‘ಪಾಪ ಅನ್ನಿಸಿಕೊಂಡು ಸಿಗುವ ಅಂಗಡಿ ನನಗೆ ಬೇಡ. ಇದ್ದದ್ದರಲ್ಲೇ ಹೋಗ್ತೇನೆ.’

ಆದಿತ್ಯವಾರ ಸಂಜೆಗೆ ಮುಂಚೆ ಸೊಸೈಟಿಯ ಜಗಲಿ ತುಂಬಿತು. ಗೋಡೆಯ ಬದಿಗೆ ತೊಳೆದ ಹಾಲಿನ ಕ್ಯಾನುಗಳನ್ನು ಬೋರಲು ಹಾಕಿದ್ದರು. ಅವುಗಳ ಪಕ್ಕದ ಬೆಂಚಿನಲ್ಲಿ ಮೈಮೂನಮ್ಮ, ಅವರ ಎದುರಿಗೆ ನೌಷಾದ್. ನಡುವಿನ ಕುರ್ಚಿಯಲ್ಲಿ ಕೂಟ ನಡೆಸುವ ಕೃಷ್ಣಮೋಹನ. ಅವರು ಕಟ್ಟಳೆಯ ಮನುಷ್ಯ. ಸ್ವಂತ ತಮ್ಮನ ಬೇಲಿಯನ್ನೇ ಕೂಟದಲ್ಲಿ ಕೀಳಿಸಿದವರು. ಪ್ರೀತಿ, ದ್ವೇಷ, ಕನಿಕರ ಯಾವುದಕ್ಕೂ ಅವರ ಬೈರಾಸು ಅಲುಗುವುದಿಲ್ಲವೆಂದು ಪ್ರತೀತಿ.

ಅವರು ವಿಷಯ ಹೇಳಿ ಮುಗಿಸಿ ಕೇಳಿದರು: “ಒಂದನೇ ಸಲ ಕೇಳ್ತೇನೆ. ಗೆರೆ ಹಾಕಿದ ಹಾಗೆ ರಸ್ತೆ ಹೋಗುದಕ್ಕೆ ತಕರಾರು ಇದ್ದವ್ರು ಬಾಯಿ ತೆರೀರಿ.”

ಮೈಮೂನಮ್ಮ ಒತ್ತಿದರು. “ನನಗೆ ನೋವಾಗುತ್ತಿದೆ.”

ಜಗಲಿ ನಗೆಯಲ್ಲಿ ಒಡೆಯಿತು. “ಅಯ್ಯೋ, ಮೈಮೂನಮ್ಮನ ಸ್ವರಕ್ಕೆ ಮೀಸೆ ಬಂತಲ್ಲ ಮಾರಾಯ್ರೆ!” ಎಂದ ಶೀನಪ್ಪ.

ನೌಷಾದ್ ನಗಲಿಲ್ಲ. ಅವನ ಮುಖದಲ್ಲಿ ನಿಜವಾದ ಕಾಳಜಿಯಂಥದ್ದೇ ಏನೋ ಮೂಡಿತು. “ಮಾಮಿಗೆ ಹುಷಾರಿಲ್ಲ. ಯಾರಾದ್ರೂ ಮನೆಗೆ ಬಿಟ್ಟು ಬನ್ನಿ.”

ಕೃಷ್ಣಮೋಹನ ಕೈ ಎತ್ತಿದರು. “ರಸ್ತೆಯ ಬಗ್ಗೆ ಹೇಳಿ ಮೈಮೂನಮ್ಮ. ಕಾಯಿಲೆ ಕೂಟದ ವಿಷಯ ಅಲ್ಲ. ಎರಡನೇ ಸಲ ಕೇಳ್ತೇನೆ.”

ಮೈಮೂನಮ್ಮ ನೌಷಾದನ ಕಣ್ಣಿನಲ್ಲಿ ಕಣ್ಣಿಟ್ಟು ಒತ್ತಿದರು. “ನನಗೆ ವಾಕರಿಕೆ ಬರುತ್ತಿದೆ.”

ಈ ಸಲ ನಗು ಇನ್ನೂ ಜೋರಾಯಿತು. ಆದರೆ ನೌಷಾದ್ ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟ. “ನೋಡಿದ್ರಾ? ಆಸ್ಪತ್ರೆಗೆ ಹೋಗಿ ಬಂದ ಜೀವ. ಡಾಕ್ಟ್ರಿಗೆ ಫೋನ್ ಮಾಡುವಾ?” ಎಂದ. ನಗು ತಟ್ಟನೆ ನಿಂತಿತು. ಹೆಂಗಸರು ‘ಚ್ಚ್’ ಎಂದರು. ಯಾರೋ ಬೆಂಚಿನಲ್ಲಿ ಸರಿದು ಅವರಿಗೆ ಒರಗಲು ಜಾಗ ಮಾಡಿಕೊಟ್ಟರು.

ಆ ಜಾಗ ಕೊಟ್ಟದ್ದು ಮೈಮೂನಮ್ಮನಿಗೆ ಹೊಡೆತಕ್ಕಿಂತ ಹೆಚ್ಚಾಗಿ ತಾಗಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ಹೀಗೆಯೇ ಆಗುತ್ತಿತ್ತು.  ತಲೆಯ ಮೇಲಿಂದ, ತಮ್ಮ ಬಗ್ಗೆಯೇ, ತಾವಿಲ್ಲದಂತೆ ಎಲ್ಲರೂ ಮಾತಾಡುತ್ತಿದ್ದರು. ಈ ಗುಂಡಿಗಳನ್ನು ಕಟ್ಟಿಟ್ಟವರು ಅವರನ್ನು ಅದೇ ಹಾಸಿಗೆಯಲ್ಲಿ ಕಂಡು ಕಟ್ಟಿದ್ದರು. ಒತ್ತಿದಷ್ಟೂ ಅವರು ಅಲ್ಲಿಗೇ ಹೋಗಿ ಬೀಳುತ್ತಿದ್ದರು.

ಕಮಲಾವತಿ ಎದ್ದು ನಿಂತರು. “ಅವ್ರು ಹೇಳುದು ಎಂತ ಅಂದ್ರೆ...”

“ಕೂತ್ಕೊಳ್ಳಿ ಕಮಲಾವತಿ. ಎದುರು ಇದ್ದವ್ರ ಪರವಾಗಿ ಮಾತಿಲ್ಲ.” ಕೃಷ್ಣಮೋಹನ ಕನ್ನಡಕ ತೆಗೆದು ಕಿಸೆಗಿಟ್ಟರು. “ಮೂರನೇ ಸಲ ಕೇಳ್ತೇನೆ. ತಕರಾರು ಇದ್ದವ್ರು ಬಾಯಿ ತೆರೀರಿ.”

ಬೈರಾಸನ್ನು ಮಡಿಲಲ್ಲಿ ಹರಡಿ ಅಂಚಿಗೆ ಅಂಚು ಕೂಡಿಸಿದರು. ಒಂದು ಮಡಿಕೆ. ಎರಡು ಮಡಿಕೆ.

ಮೈಮೂನಮ್ಮ ಆ ಬಟ್ಟೆಯನ್ನೇ ನೋಡುತ್ತಿದ್ದರು. ಅವರಿಗೆ ಬೇಕಾದ ಮಾತು ಕೈಯಲ್ಲಿ ಇರಲಿಲ್ಲ. ಆದರೆ ಆ ಬಟ್ಟೆಗೆ ಬೇಕಾದದ್ದು ಮಾತಲ್ಲವಲ್ಲ! ಅದಕ್ಕೆ ಬೇಕಾದದ್ದು ಮೌನ. ಆ ಮೌನ ತಮ್ಮದು. ತಾವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

“ನನಗೆ ನೀರು ಕೊಡಿ,” ಎಂದಿತು ಫೋನು.

ಮಡಿಕೆ ನಿಂತಿತು. ಯಾರೋ ಓಡಿ ಚೊಂಬಿನಲ್ಲಿ ನೀರು ತಂದರು. ಮೈಮೂನಮ್ಮ ಮುಟ್ಟಲಿಲ್ಲ. ಕೃಷ್ಣಮೋಹನ ಬೈರಾಸನ್ನು ಬಿಡಿಸಿ ಮೊದಲಿನಿಂದ ಆರಂಭಿಸಿದರು.

“ಕಿಟಕಿ ತೆರೆಯಿರಿ.”

“ಕಿಟಕಿ ಎಲ್ಲಿ ಉಂಟು ಇಲ್ಲಿ?” ಎಂದ ಶೀನಪ್ಪ, ಸುತ್ತ ನೋಡುತ್ತ.

“ಹಾಸಿಗೆಯ ತಲೆಭಾಗ ಎತ್ತರಿಸಿ. ದಾದಿಯನ್ನು ಕರೆಯಿರಿ. ನನ್ನನ್ನು ಮಗ್ಗುಲಿಗೆ ಹೊರಳಿಸಿ. ಕಿಟಕಿ ತೆರೆಯಿರಿ.”

ಈಗ ಅವರ ಬೆರಳು ನಿಲ್ಲಲೇ ಇಲ್ಲ. ಒಂದು ವಾಕ್ಯದ ಬಾಲ ಮುಗಿಯುವ ಮೊದಲೇ ಇನ್ನೊಂದರ ತಲೆ ಹೊರಡುತ್ತಿತ್ತು. ಬೆನ್ನು ನೆಟ್ಟಗಿತ್ತು, ಗಲ್ಲ ಮೇಲಿತ್ತು. ಉಸಿರಾಡಲೆಂದು ಗಂಟಲಿನಲ್ಲಿ ಬಿಟ್ಟ ತೂತಿನ ಮೇಲಿನ ತಟ್ಟ, ಎಂದರೆ ಶಿರವಸ್ತ್ರದ ತುದಿ, ಉಸಿರಿಗೆ ಹಾರುತ್ತಿತ್ತು. ಆ ಮುಖ ನೋಡಿದವರಿಗೆ ರೋಗಿ ಎಲ್ಲೂ ಕಾಣಿಸಲಿಲ್ಲವೆಂದು ಕಮಲಾವತಿ ಒತ್ತಿ ಹೇಳಿದರು.

“ಇದೆಂತ ಮಾತಾ ಇದು?” ನೌಷಾದ್ ಸಿಡಿದ. “ಮಾತು ಅಲ್ಲ, ಗಲಾಟೆ! ಮುಗಿಸಿ ಕೃಷ್ಣಮೋಹನಣ್ಣ.”

“ಮಾತು ಹೌದಾ ಅಲ್ವಾ ಅಂತ ನೋಡುದು ಮೊದಲಿನ ಎರಡು ಸಲಕ್ಕೆ,” ಎಂದರು ಕೃಷ್ಣಮೋಹನ, ಅರ್ಧ ಮಡಚಿದ ಬೈರಾಸನ್ನು ಹಿಡಿದುಕೊಂಡೇ. “ಮೂರನೇ ಸಲಕ್ಕೆ ಮೌನ ಬೀಳ್ಬೇಕು. ಬಿದ್ದಿಲ್ಲ.”

“ಆಯ್ತು. ಬ್ಯಾಟರಿ ಎಷ್ಟು ಹೊತ್ತು ಬರ್ತದೆ ನೋಡುವ.” ನೌಷಾದ್ ಮರಳಿ ಕುಳಿತು ಕಾಲಮೇಲೆ ಕಾಲು ಹಾಕಿದ. “ಎಲ್ಲರಿಗೂ ಚಾಯ ತರಿಸಿ, ನನ್ನ ಲೆಕ್ಕಕ್ಕೆ.”

ಚಾಯ ಬಂತು. ಫೋನು ದಾದಿಯನ್ನು ಕರೆಯುತ್ತಲೇ ಇತ್ತು. ಹಾಲು ಅಳೆಯುವ ಹೊತ್ತಾಗಿ ಜನ ಪಾತ್ರೆ ಹಿಡಿದು ಬಂದು ಜಗಲಿಯ ಕೆಳಗೆ ಸಾಲುಗಟ್ಟಿದರು. ಒಳಗೆ ಏನಾಗುತ್ತಿದೆಯೆಂದು ಕೇಳಿದವರಿಗೆ ಶೀನಪ್ಪ, “ಹಾಸಿಗೆ ಎತ್ತರಿಸ್ಬೇಕಂತೆ. ಹಾಸಿಗೆ ಸಿಕ್ಕಿಲ್ಲ,” ಎನ್ನುತ್ತಿದ್ದ. ಪರದೆಯ ಮೂಲೆಯ ಬ್ಯಾಟರಿ ಗುರುತು ಕೆಂಪಾಯಿತು. ಮೈಮೂನಮ್ಮ ನೋಡಿದರು, ನೋಡದಂತೆ ಒತ್ತಿದರು. ಬೆರಳ ತುದಿ ಒಡಕು ಗಾಜಿಗೆ ಗೀಚಿ ನೆತ್ತರು ಮೂಡಿತ್ತು.

“ನನ್ನನ್ನು ಮಗ್ಗುಲಿಗೆ...” ಎಂದು ಫೋನು ಅರ್ಧದಲ್ಲಿ ಆರಿಹೋಯಿತು.

ಮೌನ. ನೌಷಾದ್ ಚಾಯದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ. ಕೃಷ್ಣಮೋಹನ ಬೈರಾಸು ಹರಡಿದರು. ಒಂದು ಮಡಿಕೆ. ಎರಡು ಮಡಿಕೆ. ಮೂರು.

ಮೈಮೂನಮ್ಮ ಎದ್ದರು. ಸತ್ತ ಫೋನನ್ನು ಕಲ್ಲಿನ ಹಾಗೆ ಮುಷ್ಟಿಯಲ್ಲಿ ಹಿಡಿದು ಪಕ್ಕದ ಹಾಲಿನ ಕ್ಯಾನಿಗೆ ಬೀಸಿ ಹೊಡೆದರು.

ಬೋರಲು ಹಾಕಿದ ಬರಿದಾದ ಕ್ಯಾನು. ಆ ನಾದ ಜಗಲಿಯ ತಗಡಿಗೆ ತಾಗಿ, ದಾರಿಯಾಚೆಯ ಗೋಡೆಗೆ ತಾಗಿ ಮರಳಿ ಬಂತು. ಅದು ಅಡಗುವ ಮೊದಲೇ ಇನ್ನೊಂದು ಏಟು. ಕೆಳಗೆ ಹಾಲು ಹಿಡಿದು ನಿಂತವರು ಕಿವಿ ಮುಚ್ಚಿಕೊಂಡರು. ಗಾಜಿನ ಚೂರು, ಗುಂಡಿ, ಸಿಮ್ಮಿನ ತಟ್ಟೆ ಎಲ್ಲ ಉದುರಿದವು.

“ಇದು ಫೋನಿನ ಸ್ವರ ಕೂಡ ಅಲ್ಲ!” ನೌಷಾದ್ ಕೂಗಿದ.

“ಮತ್ತೆ ಕೈಯಲ್ಲಿ ಇರುದು ಎಂತ, ಪತ್ತಿರಿ ರೊಟ್ಟಿಯಾ?” ಕಮಲಾವತಿಯವರೂ ಕೂಗಿದರು. “ಅವರ ಬಾಯಿ ಅದೇ ಅಂತ ನೀವೇ ಒಪ್ಪಿದ್ದಲ್ವಾ? ಬಾಯಿ ಹೇಗೆ ಬೇಕಾದ್ರೂ ತೆರೀಬಹುದು!”

“ಕೃಷ್ಣಮೋಹನಣ್ಣ, ಆ ಬೈರಾಸು ಇತ್ಲಾಗಿ ಕೊಡಿ,” ಎಂದ ಶೀನಪ್ಪ. “ನಿಮ್ಮ ಹೆಗಲಿಗೆ ಏರುವ ಅಂದಾಜಿಲ್ಲ. ನಾನು ಕಿವಿಗಾದ್ರೂ ಕಟ್ತೇನೆ.”

ಮೈಮೂನಮ್ಮ ಹೊಡೆಯುತ್ತಲೇ ಇದ್ದರು. ತೋಳು ಸೋತಿತು, ಇನ್ನೊಂದು ಕೈಗೆ ಬದಲಿಸಿದರು. ಕೊನೆಗೆ ನೌಷಾದ್ ಎದ್ದು ಅವರ ಮುಂದೆ ಬಂದು, ಜಗಲಿಯೇ ಅದುರುವಂತೆ ಅರಚಿದ: “ಮಾಮೀ! ಎಂತ ಬೇಕು ನಿಮಗೆ? ಅದನ್ನಾದ್ರೂ ಹೇಳಿ!”

ಏಟು ನಿಂತಿತು. ಇಷ್ಟು ದಿನಗಳಲ್ಲಿ ಅವರನ್ನು ಹಾಗೆ ಕೇಳಿದ್ದು ಅದೇ ಮೊದಲು. ಮೈಮೂನಮ್ಮ ಫೋನಿನ ಉಳಿದ ತುಂಡನ್ನು ಹಿಡಿದ ಕೈ ಚಾಚಿ ದಾರಿಯಾಚೆಗೆ ತೋರಿಸಿದರು. ಎಲ್ಲರ ತಲೆಗಳೂ ಆ ಕಡೆಗೆ ತಿರುಗಿದವು. ಗೋಡೆಯ ಮೂಲೆ ಕಲ್ಲಿನ ಕಮಲವನ್ನು ಹೊತ್ತು ದಾರಿಯೊಳಕ್ಕೆ ಹೊಟ್ಟೆ ಚಾಚಿ ನಿಂತಿತ್ತು. ಅದನ್ನು ದಿನವೂ ಎಲ್ಲರೂ ಕಂಡವರೇ. ಸೈಕಲ್ಲಿನ ಹ್ಯಾಂಡಲು ತಾಗಿಸಿಕೊಂಡವರೂ ಇದ್ದರು.

ಆ ಹೊತ್ತಿನಲ್ಲಿ ಬೇಕಿದ್ದರೆ ಕೃಷ್ಣಮೋಹನ ನಾಲ್ಕನೆಯ ಮಡಿಕೆ ಮುಗಿಸಿ ಹೆಗಲಿಗೇರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಬೈರಾಸನ್ನು ಬಿಡಿಸಿ, ಕೊಡವಿ, ಕುರ್ಚಿಯ ಹಿಂಬದಿಗೆ ಹಾಕಿದರು.

“ಮೂರನೇ ಸಲ ಕೇಳಿದೆ, ಮೌನ ಬೀಳ್ಲಿಲ್ಲ,” ಎಂದರು. “ವಿಷಯ ಬುಡದಿಂದ ಶುರು. ಯಾರಾದ್ರೂ ಹಗ್ಗ ತನ್ನಿ. ಬೆಳಕಿರುವಾಗಲೇ ಎರಡೂ ಬದಿ ಅಳೆಯುವ.”

“ಎರಡೂ ಬದಿಯಾ?” ಎಂದ ನೌಷಾದ್.

“ದಾರಿಗೆ ಒಂದೇ ಬದಿ ಇರುದಾ?”

ಹಾಲಿನವರೂ ಪಾತ್ರೆ ಕೆಳಗಿಟ್ಟು ಹಿಂದೆ ಹೊರಟರು. ಹಗ್ಗ ಹಿಡಿದದ್ದು ಶೀನಪ್ಪ. ನೆಟ್ಟಗೆ ಎಳೆದ ಹಗ್ಗ ಅಂಗಡಿಯ ಹಲಗೆಗೆ ತಾಗದೆ, ಗೋಡೆಯ ಮೂಲೆಗೆ ಹೋಗಿ ಬಡಿಯಿತು. ಮೊದಲು ಒಬ್ಬರು ಕೆಮ್ಮಿದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು: ನನ್ನ ರಿಕ್ಷಾದ ಕನ್ನಡಿ ಹೋದದ್ದು ಇಲ್ಲೇ, ನನ್ನ ಹುಲ್ಲಿನ ಹೊರೆ ಸಿಕ್ಕಿಬಿದ್ದದ್ದು ಇಲ್ಲೇ. ನೌಷಾದ್ ಸುತ್ತ ನೋಡಿದ. ಮಾಮಿಯ ಕೈ ಮತ್ತೆ ಮೇಲೇಳುತ್ತಿರುವುದನ್ನೂ, ಅವರು ಬರುವಾಗ ಕ್ಯಾನಿನ ಮುಚ್ಚಳವೊಂದನ್ನು ಕಂಕುಳಲ್ಲಿ ತಂದಿರುವುದನ್ನೂ ನೋಡಿದ.

“ತೆಗೀರಿ ಮಾರಾಯ್ರೆ, ಮೂಲೆ ತೆಗೀರಿ,” ಎಂದ. “ಕಮಲ ಬೇಕಾದ್ರೆ ಒಳಗೆ ಇಡ್ತೇನೆ. ಕಿವಿ ಹೋದ್ರೆ ಇಡ್ಲಿಕ್ಕೆ ಬೇರೆ ಇಲ್ಲ.”

ಕೃಷ್ಣಮೋಹನ ಅಲ್ಲಿಯೇ, ದಾರಿಯ ಮೇಲೆ ನಿಂತು, ಹೊಸ ಗೆರೆಗೆ ತಕರಾರು ಉಂಟೇ ಎಂದು ಮೂರು ಸಲ ಕೇಳಿದರು. ಮೂರನೆಯ ಸಲದ ಮೇಲೆ ಎಲ್ಲರೂ ಮೈಮೂನಮ್ಮನ ಕಡೆ ನೋಡಿದರು. ಅವರು ಮುಚ್ಚಳವನ್ನು ನಿಧಾನವಾಗಿ, ಸದ್ದಾಗದಂತೆ ನೆಲಕ್ಕಿಟ್ಟು, ಮೌನವನ್ನು ತಾವೇ ಕೊಟ್ಟರು. ಬೈರಾಸು ಹೆಗಲಿಗೇರಿತು.

ಹಳೆಯ ‘ಮರುದನಿ’ ಮತ್ತೆ ಬರಲಿಲ್ಲ. ಅದರೊಳಗೆ ಸಿಕ್ಕಿದ ಬೈಗುಳಗಳೂ ಬರಲಿಲ್ಲ. ಸುಜಯ್ ಹುಡುಕಾಡಿ ಇಂಟರ್ನೆಟ್ ಬೇಡದ ಬೇರೊಂದು ಆ್ಯಪ್ ಹಾಕಿಕೊಟ್ಟ. ಹೊಸತಾಗುವ ಬಾಗಿಲನ್ನು ಎಷ್ಟು ಮುಚ್ಚಲು ಬರುತ್ತದೋ ಅಷ್ಟು ಮುಚ್ಚಿಕೊಟ್ಟ. ಮೈಮೂನಮ್ಮ ಅದರಲ್ಲಿ ಮೊದಲು ಉಳಿಸಿಟ್ಟ ವಾಕ್ಯ, “ನಾನು ಒಪ್ಪಿಲ್ಲ.” ಆಮೇಲೆ ಬಾಳೆಹಣ್ಣಿನದ್ದು.

ಕಮಲಾವತಿ ಇಷ್ಟು ಹೇಳಿ ಮುಗಿಸುವಾಗ ಬ್ರಾಂಚಿನ ಬಾಗಿಲು ತೆರೆದು, ತಂದ ಬೀಡಿಯನ್ನು ಒಬ್ಬೊಬ್ಬರಾಗಿ ಒಪ್ಪಿಸಿ ಆಗಿತ್ತು. ಆದರೂ ಯಾರೂ ಎದ್ದಿರಲಿಲ್ಲ. ಮೋಕ್ಷಿತಾ ಎಂಬ ಹೊಸ ಮದುಮಗಳು, “ಹೌದಾ ಅಕ್ಕ, ಕ್ಯಾನು ನೆಗ್ಗಿ ಹೋಯ್ತಾ?” ಎಂದು ಕೇಳಿದಳು. “ನೆಗ್ಗಿದೆ. ಈಗಲೂ ಅದಕ್ಕೇ ಹಾಲು ಹಾಕುದು,” ಎಂದರು ಕಮಲಾವತಿ. ಹೆಂಗಸರು ನಕ್ಕರು. ಬ್ರಾಂಚಿನಿಂದ ಸಿಕ್ಕಿದ ಬೀಡಿ ಎಲೆಯ ಕಟ್ಟುಗಳನ್ನು ಚೀಲಕ್ಕೆ ತುಂಬಿ, ಸೆರಗು ಕೊಡವಿ ಎದ್ದರು. ಜಗಲಿಯ ಮೆಟ್ಟಿಲಿಳಿದು, ಬಿಸಿಲೇರುವ ಮೊದಲು ಮನೆ ಸೇರಬೇಕೆಂದು ಗಟ್ಟಿಯಾಗಿ ಮಾತಾಡುತ್ತ, ಇಬ್ಬಿಬ್ಬರಾಗಿ ತಂತಮ್ಮ ದಾರಿ ಹಿಡಿದರು.